18 ತುಂಬಿದ ಮೇಲೆ ಎಲ್ಲಿಗೆ? ಶಾಲೆಗೂ ಕೆಲಸಕ್ಕೂ ನಡುವೆ ಬಿದ್ದುಹೋಗುವ ಮಕ್ಕಳು

ಬೌದ್ಧಿಕ ವಿಕಲತೆ ಇರುವ ಮಕ್ಕಳಿಗೆ ಶಾಲೆ ಸಿಗುತ್ತಿಲ್ಲ ಎಂಬ ಬಗ್ಗೆ ನಾವು ಸಾಕಷ್ಟು ಮಾತಾಡಿದ್ದೇವೆ. ಶಾಲೆ ಸಿಕ್ಕು, ಮುಗಿದೂ ಹೋದ ಮೇಲೆ ಆ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಎಂಬುದರ ಬಗ್ಗೆ ಮಾತಾಡಿದ್ದು ಕಡಿಮೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಶೇ. 40 ಅಥವಾ ಹೆಚ್ಚಿನ ವಿಕಲತೆ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. 18 ತುಂಬಿದ ಮರುದಿನ ಆ ಹಕ್ಕು ಮುಗಿಯುತ್ತದೆ. ಮುಂದಿನ ದಿನಕ್ಕೆ ಯಾರು ಹೊಣೆ?

ಕಲಬುರಗಿ ನಗರದಲ್ಲೂ ಕಮಲಾಪುರದ ಕಡೆಯ ಊರುಗಳಲ್ಲೂ ಹಲವು ವರ್ಷಗಳಿಂದ ಇಂಥ ಮಕ್ಕಳಿಗೆ ಪಾಠ ಹೇಳುತ್ತಿರುವ ನನಗೆ ತಾಯಂದಿರು ಕೇಳುವುದು ಇದೊಂದೇ: 'ಸಾಲಿ ಮುಗೀತ್ರಿ ಸರ್, ಇನ್ನ ಮುಂದ ಹ್ಯಾಂಗ್ರಿ?'

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬೌದ್ಧಿಕ ವಿಕಲತೆ ಅಂದರೆ ಮಾನಸಿಕ ಕಾಯಿಲೆ ಅಲ್ಲ. ಕಲಿಯುವುದು, ತರ್ಕಿಸುವುದು ಮತ್ತು ದಿನನಿತ್ಯದ ವ್ಯವಹಾರ, ಈ ಎರಡೂ ಕಡೆ ಗಮನಾರ್ಹ ಮಿತಿ ಇರುವ ಸ್ಥಿತಿ. ಮಿತಿ ಇದೆ ಅಂದರೆ ಕಲಿಯುವುದಿಲ್ಲ ಅಂತಲ್ಲ, ಕಲಿಸುವ ಬಗೆ ಬೇರೆ ಇರಬೇಕು ಅಂತ. 2011ರ ಜನಗಣತಿಯಲ್ಲಿ ಇವರ ಸಂಖ್ಯೆ ದೇಶದಲ್ಲಿ ಸುಮಾರು 15 ಲಕ್ಷ, ಕರ್ನಾಟಕದಲ್ಲಿ ಸುಮಾರು 94 ಸಾವಿರ.

ಕಾನೂನು ಇವರನ್ನು ಪೂರ್ತಿ ಮರೆತಿಲ್ಲ. 1995ರ ಹಳೆಯ ಕಾಯ್ದೆಯ ಶೇ. 3 ಉದ್ಯೋಗ ಮೀಸಲಾತಿಯಲ್ಲಿ ಇವರಿಗೆ ಪಾಲೇ ಇರಲಿಲ್ಲ. 2016ರ ಕಾಯ್ದೆ ಅದನ್ನು ಶೇ. 4ಕ್ಕೆ ಏರಿಸಿತು. ಆದರೆ ಇವರ ಪಾಲಿಗೆ ಬಂದ ಶೇ. 1ನ್ನು ಆಟಿಸಂ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ವಿಕಲತೆ ಇರುವವರ ಜೊತೆ ಹಂಚಿಕೊಳ್ಳಬೇಕು. ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ ವಿಕಲಚೇತನರಿಗೆ ಸೂಕ್ತವಾದ 3,566 ಹುದ್ದೆಗಳ ಪಟ್ಟಿ ಪ್ರಕಟಿಸಿತು. ಪಟ್ಟಿ ದೊಡ್ಡದೇ. ಆದರೆ ಹುದ್ದೆಗೆ ವಿದ್ಯಾರ್ಹತೆ ಬೇಕು, ಅರ್ಜಿ ತುಂಬಬೇಕು, ಪರೀಕ್ಷೆ ಬರೆಯಬೇಕು. ಲಿಖಿತ ಪರೀಕ್ಷೆಯಲ್ಲಿ ಹಿಂದೆ ಬೀಳುವುದೇ ಯಾರ ವಿಕಲತೆಯ ಸ್ವರೂಪವೋ, ಅವರನ್ನು ಅದೇ ಪರೀಕ್ಷೆಯಿಂದ ಅಳೆಯುತ್ತೇವೆ. ಬಾಗಿಲು ತೆರೆದಿದೆ, ಮೆಟ್ಟಿಲು ಕಟ್ಟಿಲ್ಲ.

ಹಾಗಾದರೆ ತರಬೇತಿ ಕೊಟ್ಟರೆ ಸಾಕೇ? ಇಲ್ಲೇ ನಾವು ಎಡವುತ್ತಿರುವುದು. ಮೇಣದಬತ್ತಿ, ಕಾಗದದ ಕವರ್, ಪೆನಾಯಿಲ್: ವಿಶೇಷ ಶಾಲೆಗಳ ವೃತ್ತಿ ತರಬೇತಿ ಎಂದರೆ ಹೆಚ್ಚಾಗಿ ಇವೇ. ಹುಡುಗ ನಾಲ್ಕು ವರ್ಷ ಮೇಣದಬತ್ತಿ ಮಾಡುತ್ತಾನೆ, ಅವನ ಊರಲ್ಲಿ ಮೇಣದಬತ್ತಿಯ ಕೆಲಸವೇ ಇರುವುದಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಅನ್ವಯಿಸುವುದೇ ಈ ಮಕ್ಕಳಿಗೆ ಕಷ್ಟ. ಶಾಲೆಯ ಕೋಣೆಯಲ್ಲಿ ಕಲಿತ ಕೆಲಸ ಗದ್ದಲದ ಅಂಗಡಿಯಲ್ಲಿ ಕೈಗೆ ಬರುವುದಿಲ್ಲ. 'ಮೊದಲು ತರಬೇತಿ, ಆಮೇಲೆ ಕೆಲಸ' ಎಂಬ ಕ್ರಮ ನಮಗೆ ಸರಿ, ಇವರಿಗೆ ತಲೆಕೆಳಗು. ಇವರಿಗೆ ಬೇಕಾದ್ದು ಮೊದಲು ಕೆಲಸದ ಜಾಗ, ಅಲ್ಲೇ ತರಬೇತಿ.

ಇದು ಹೊಸ ಮಾತೇನಲ್ಲ. ಅಮೆರಿಕದ ಮಾರ್ಕ್ ಗೋಲ್ಡ್ ಎಂಬ ಶಿಕ್ಷಣತಜ್ಞ 1970ರ ದಶಕದ ಆರಂಭದಲ್ಲೇ, 'ಏನೂ ಕಲಿಯಲಾರರು' ಎಂದು ಕೈಬಿಟ್ಟಿದ್ದ ಯುವಕರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸಲು ಕಲಿಸಿ ತೋರಿಸಿದ್ದರು. ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದದ್ದೇ ಅವರ ಉಪಾಯ. 1996ರಲ್ಲಿ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯೊಂದರಲ್ಲಿ ಶುರುವಾದ 'ಪ್ರಾಜೆಕ್ಟ್ ಸರ್ಚ್' ಶಾಲೆಯ ಕೊನೆಯ ವರ್ಷವನ್ನೇ ಕೆಲಸದ ಜಾಗಕ್ಕೆ ಒಯ್ದಿತು. ಅಷ್ಟು ದೂರ ಯಾಕೆ? 2017ರಲ್ಲಿ ನಮ್ಮ ಹುಬ್ಬಳ್ಳಿಯಲ್ಲೇ ಮೊದಲ 'ಮಿಟ್ಟಿ ಕೆಫೆ' ತೆರೆಯಿತು. ವಿಕಲಚೇತನರೇ ಚಹಾ ಮಾಡಿ, ಗಿರಾಕಿಗೆ ಕೊಡುವ ಆ ಕೆಫೆಯ ಒಂದು ಶಾಖೆಯನ್ನು 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆವರಣದಲ್ಲಿ ಅಂದಿನ ಮುಖ್ಯ ನ್ಯಾಯಮೂರ್ತಿಯೇ ಉದ್ಘಾಟಿಸಿದರು.

ಕೆಫೆಗಳು ದೊಡ್ಡ ಊರಿಗೆ ಸರಿ, ನಮ್ಮ ಕಡೆ ಏನಿದೆ ಎಂದು ಕೇಳಬಹುದು. ಕಲಬುರಗಿ ತೊಗರಿಯ ಕಣಜ, ನಗರದ ಸುತ್ತ ದಾಲ್ ಮಿಲ್‌ಗಳಿವೆ. ಜೋಳದ ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘಗಳಿವೆ. ಹುಮನಾಬಾದ್ ರಸ್ತೆಯ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು, ಆ ಹಣ್ಣಿಗೆ ಜಿಐ ಮಾನ್ಯತೆಯೂ ಇದೆ. ಆರಿಸುವುದು, ತೂಗುವುದು, ಕಟ್ಟುವುದು, ಜೋಡಿಸುವುದು: ದಿನವೂ ಒಂದೇ ಥರ ಮಾಡಬೇಕಾದ, ಬೇರೆಯವರು ಬೇಗ ಬೇಸರಪಡುವ ಈ ಕೆಲಸಗಳು ನಮ್ಮ ಎಷ್ಟೋ ಹುಡುಗ ಹುಡುಗಿಯರಿಗೆ ಒಗ್ಗುತ್ತವೆ.

ಒಂದು ಕಿಲೋ ಬೇಳೆ ಪ್ಯಾಕೆಟ್ ತಗೊಳ್ಳಿ. ಕವರ್ ಬಿಚ್ಚು, ತಕ್ಕಡಿ ಮೇಲೆ ಇಡು, ಬೇಳೆ ಸುರಿ, ಅಂಕಿ ನೋಡು, ಬಾಯಿ ಮುಚ್ಚು, ಪೆಟ್ಟಿಗೆಯಲ್ಲಿ ಇಡು. ಅಂಕಿ ಓದಲು ಬಾರದವರಿಗೆ? ತಕ್ಕಡಿಯ ಪರದೆಯ ಕೆಳಗೆ '1.000' ಎಂದು ಬರೆದ ಚೀಟಿ ಅಂಟಿಸಿ. ಮೇಲಿನದೂ ಕೆಳಗಿನದೂ ಒಂದೇ ಥರ ಕಂಡರೆ ಸುರಿಯುವುದು ನಿಲ್ಲಿಸಬೇಕು, ಅಷ್ಟೇ. ಓದು ಬರದಿದ್ದರೂ ತೂಕ ತಪ್ಪುವುದಿಲ್ಲ. ಇದಕ್ಕೆ ಮೊದಲ ಕೆಲವು ವಾರ ಪಕ್ಕದಲ್ಲಿ ನಿಂತು ತೋರಿಸುವ, ನಿಧಾನಕ್ಕೆ ಹಿಂದೆ ಸರಿಯುವ ಒಬ್ಬ ಜೊತೆಗಾರ ಬೇಕು. ಇಡೀ ವ್ಯವಸ್ಥೆಯಲ್ಲಿ ಇಲ್ಲದಿರುವುದು ಈ ಒಬ್ಬ ಮನುಷ್ಯ.

ಅವನನ್ನು ಆಕಾಶದಿಂದ ಇಳಿಸಬೇಕಿಲ್ಲ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರ ಮೇಲೆ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಕಾರ್ಯಕರ್ತರಿದ್ದಾರೆ. ಸ್ವತಃ ವಿಕಲಚೇತನರಾದ ಇವರಿಗೆ ಪ್ರತಿ ಮನೆಯ ಪರಿಚಯ ಇರುತ್ತದೆ. ಅವರನ್ನು ಮಾಸಾಶನ, ಯುಡಿಐಡಿ ಕಾರ್ಡಿನ ಅರ್ಜಿಗಳಿಗಷ್ಟೇ ಸೀಮಿತ ಮಾಡದೆ, ಸರಿಯಾದ ಗೌರವಧನ ಮತ್ತು ತರಬೇತಿ ಕೊಟ್ಟು ಕೆಲಸದ ಜೊತೆಗಾರರನ್ನಾಗಿ ಮಾಡಬಹುದು.

ಶಾಲೆಯೂ ಬದಲಾಗಬೇಕು. 18ಕ್ಕೆ ಕೇಳುವ ಪ್ರಶ್ನೆಯನ್ನು 14ಕ್ಕೇ ಕೇಳಬೇಕು: ಈ ಮಗುವಿಗೆ ಏನು ಇಷ್ಟ, ಊರಲ್ಲಿ ಯಾವ ಕೆಲಸ ಇದೆ? ವಾರಕ್ಕೆ ಒಂದು ದಿನ ಅಂಗಡಿಯಲ್ಲೋ ತೋಟದಲ್ಲೋ ಪಾಠ ನಡೆಯಲಿ. ಒಬ್ಬರೇ ಬಸ್ ಹತ್ತಿ ಇಳಿಯುವುದು, ಗಡಿಯಾರ ನೋಡುವುದು, 'ತಿಳೀಲಿಲ್ರಿ, ಮತ್ತೊಮ್ಮೆ ತೋರಿಸ್ರಿ' ಎಂದು ಕೇಳುವುದು ಕನ್ನಡ, ಗಣಿತದಷ್ಟೇ ಮುಖ್ಯವಾದ ಪಾಠಗಳು. ಕಮಲಾಪುರದಿಂದ ನಗರಕ್ಕೆ ಬರಲು ಹುಡುಗಿಯರಿಗೆ ಶಕ್ತಿ ಯೋಜನೆ ಇದೆ, ಹುಡುಗರಿಗೆ ವಿಕಲಚೇತನರ ರಿಯಾಯಿತಿ ಪಾಸ್ ಇದೆ. ಟಿಕೆಟ್ ಸಮಸ್ಯೆ ಅಲ್ಲ, ಒಬ್ಬರನ್ನೇ ಕಳಿಸುವ ಧೈರ್ಯ ಮನೆಯವರಿಗೆ ಬರುವಂತೆ ಕಲಿಸಬೇಕಾದ್ದು ನಮ್ಮ ಹೊಣೆ.

ಕೊನೆಯದಾಗಿ ಕೂಲಿಯ ಮಾತು. ಸಂಬಂಧಿಕರ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಚೀಲ ಹೊತ್ತು, ಊಟ ಮತ್ತು ಹಬ್ಬಕ್ಕೊಂದು ಜೊತೆ ಬಟ್ಟೆ ಪಡೆಯುವ ಯುವಕರನ್ನು ನಾನು ಕಂಡಿದ್ದೇನೆ. 'ಅವಗ ರೊಕ್ಕದ ಹಿಸಾಬ ಎಲ್ಲಿ ತಿಳೀತದ್ರಿ' ಎನ್ನುತ್ತಾರೆ. ಹಿಸಾಬ ತಿಳಿಯದವನಿಗೆ ಕೂಲಿ ಬೇಡ ಎಂದು ಯಾವ ಕಾನೂನೂ ಹೇಳಿಲ್ಲ. ಅವನ ಕೂಲಿ ಅವನದೇ ಹೆಸರಿನ ಖಾತೆಗೆ ಬರಬೇಕು. ಪುಣ್ಯಕ್ಕೆ ಕೊಟ್ಟ ಕೆಲಸವನ್ನು ನಾಳೆ ಮನಸ್ಸು ಬದಲಾದರೆ ಕಿತ್ತುಕೊಳ್ಳಬಹುದು. ಸಂಬಳಕ್ಕೆ ಮಾಡುವ ಕೆಲಸಕ್ಕೆ ಲೆಕ್ಕ ಇರುತ್ತದೆ, ಕೇಳುವ ಹಕ್ಕೂ ಇರುತ್ತದೆ.