ಚಳಿಗಾಲದ ಹೊಸ್ತಿಲಲ್ಲಿ ಹಾವಿನ ಉಪವಾಸ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಭಾಗದಲ್ಲಿ ಕಾರ್ನ್ ಸ್ನೇಕ್ ಎಂಬ ವಿಷರಹಿತವಾದ ಹಾವೊಂದುಂಟು. ಇಲಿಗಳನ್ನು ತಿಂದು ಬದುಕುವ ಈ ಸಾಧುಪ್ರಾಣಿಯನ್ನು ಆ ದೇಶದಲ್ಲಿಯೂ ಯೂರೋಪಿನಲ್ಲಿಯೂ ಅನೇಕರು ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಸಾಕುತ್ತಾರೆ. ಬೇಸಗೆಯುದ್ದಕ್ಕೂ ಕೊಟ್ಟ ಇಲಿಯನ್ನು ತಪ್ಪದೆ ನುಂಗುತ್ತಿದ್ದ ಹಾವು ಅಕ್ಟೋಬರ್, ನವೆಂಬರ್ ತಿಂಗಳುಗಳು ಬಂದೊಡನೆ ಆಹಾರವನ್ನು ನಿರಾಕರಿಸುವುದುಂಟು. ಮುಂದಿಟ್ಟ ಇಲಿಯನ್ನು ನಾಲಗೆ ಚಾಚಿ ಪರೀಕ್ಷಿಸಿ, ಮುಖ ತಿರುಗಿಸಿ, ಮೂಲೆ ಸೇರುತ್ತದೆ. ಹೀಗೆ ವಾರಗಳು ಉರುಳಿದಾಗ ಸಾಕಿದವನು ಗಾಬರಿಗೊಳ್ಳುತ್ತಾನೆ. ಬಾಯನ್ನು ಬಲವಂತವಾಗಿ ತೆರೆದು ಆಹಾರವನ್ನು ತುರುಕೋಣವೆ ಎಂದು ಯೋಚಿಸುತ್ತಾನೆ. ಹಾಗೆ ಮಾಡಿದಲ್ಲಿ ಉಪವಾಸಕ್ಕಿಂತಲೂ ದೊಡ್ಡ ಕೇಡು ಹಾವಿಗೆ ಒದಗಬಹುದು. ಇದಕ್ಕೆ ಕಾರಣವೇನು?

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಹಾವಿನ ಊಟದ ಗೊಡವೆ ಏಕೆಂದು ವಾಚಕರು ಕೇಳಬಹುದು. ಈ ಪ್ರಶ್ನೆಯ ಕೀಲು ಇರುವುದು ಉಷ್ಣದಲ್ಲಿ ಎಂಬುದೇ ನಮ್ಮ ಉತ್ತರ. ನಾವು ಉಣ್ಣುವ ಅನ್ನದ ದೊಡ್ಡ ಪಾಲು ನಮ್ಮ ದೇಹವನ್ನು ಸುಮಾರು 37 ಡಿಗ್ರಿ ಸೆಲ್ಸಿಯಸಿನಲ್ಲಿ ಇರಿಸುವುದಕ್ಕೇ ವ್ಯಯವಾಗುತ್ತದೆ. ಹಾವಾದರೋ ತನಗೆ ಬೇಕಾದ ಶಾಖವನ್ನು ಬಿಸಿಲಿನಿಂದಲೂ ಕಾದ ಕಲ್ಲಿನಿಂದಲೂ ಕಡವಾಗಿ ಪಡೆಯುತ್ತದೆ. ರಾಜಸ್ಥಾನದ ಭರತಪುರದ ಉದ್ಯಾನದಲ್ಲಿ ಚಳಿಗಾಲದ ಹಗಲು ಹೆಬ್ಬಾವುಗಳು ಬಿಲದ ಬಾಯಿಗೆ ಬಂದು ಬಿಸಿಲು ಕಾಯಿಸುತ್ತ ಬಿದ್ದಿರುವುದು ಇದೇ ಕಾರಣದಿಂದ. ಹೀಗಿರುವುದರಿಂದಲೇ ಹಾವಿಗೆ ಸ್ವಲ್ಪ ಆಹಾರ ಬಹುಕಾಲ ಸಾಲುತ್ತದೆ. ಆದರೆ ಕಡ ಕೊಡುವ ಸೂರ್ಯನು ಕೈ ಬಿಗಿಹಿಡಿದಾಗ ಅದರ ದೇಹವ್ಯಾಪಾರವೆಲ್ಲವೂ ನಿಧಾನವಾಗಲೇಬೇಕು.

ಈ ನಿಧಾನವನ್ನು ಸ್ಥೂಲವಾಗಿ ಲೆಕ್ಕ ಹಾಕಬಹುದು. ಉಷ್ಣತೆಯು 10 ಡಿಗ್ರಿ ಇಳಿದರೆ ಜೀವಕೋಶಗಳಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳ ವೇಗವು ಸಾಮಾನ್ಯವಾಗಿ ಅರ್ಧಕ್ಕೋ ಮೂರರಲ್ಲಿ ಒಂದು ಪಾಲಿಗೋ ಇಳಿಯುತ್ತದೆ. 30 ಡಿಗ್ರಿಯಲ್ಲಿದ್ದ ಹಾವು 10 ಡಿಗ್ರಿಗೆ ಇಳಿದರೆ ಹೀಗೆ ಎರಡು ಮೆಟ್ಟಿಲು ಇಳಿದಂತಾಯಿತು. ದೇಹದ ವೆಚ್ಚವು ನಾಲ್ಕರಲ್ಲಿ ಒಂದು ಪಾಲಿನಿಂದ ಒಂಬತ್ತರಲ್ಲಿ ಒಂದು ಪಾಲಿನವರೆಗೆ ತಗ್ಗಿತು. ಬಿಸಿಲುಗಾಲದಲ್ಲಿ ಒಂದು ತಿಂಗಳಿಗೆ ಸಾಲುವ ಕೊಬ್ಬು ಚಳಿಯಲ್ಲಿ ನಾಲ್ಕು ತಿಂಗಳಿಗಾದರೂ ಬಂದೀತು.

ಆದರೆ ಜೀರ್ಣಕ್ರಿಯೆಯೂ ರಾಸಾಯನಿಕ ಕ್ರಿಯೆಯೇ ಅಲ್ಲವೆ? ಹಾವು ಅಗಿಯುವುದಿಲ್ಲ, ಬೇಟೆಯನ್ನು ಇಡಿಯಾಗಿ ನುಂಗುತ್ತದೆ. ತಣ್ಣಗಾದ ಹೊಟ್ಟೆಯಲ್ಲಿ ಜೀರ್ಣರಸಗಳ ಕೆಲಸ ಕುಂಠಿತವಾದರೆ, ಇಲಿಯ ಒಡಲಲ್ಲಿರುವ ಸೂಕ್ಷ್ಮಜೀವಿಗಳು ಮೇಲುಗೈ ಪಡೆದು ಅದನ್ನು ಅಲ್ಲಿಯೇ ಕೊಳೆಯಿಸುತ್ತವೆ. ಹಾವು ಅದನ್ನು ಕಕ್ಕಬೇಕಾಗುತ್ತದೆ. ಕಕ್ಕಲಾರದಿದ್ದರೆ ಪ್ರಾಣಕ್ಕೇ ಅಪಾಯ. ಅಷ್ಟೇ ಅಲ್ಲ, ಊಟವನ್ನು ಅರಗಿಸುವುದಕ್ಕೆ ಮೊದಲು ಕೈಯಿಂದ ಬಂಡವಾಳ ಹಾಕಬೇಕು. ಬರ್ಮಾ ಹೆಬ್ಬಾವುಗಳನ್ನು ಪರೀಕ್ಷಿಸಿ ಸ್ಟೀಫನ್ ಸೀಕರ್ ಮತ್ತು ಜೇರೆಡ್ ಡೈಮಂಡ್ ಎಂಬ ಅಮೆರಿಕದ ವಿಜ್ಞಾನಿಗಳು 1995ರಲ್ಲಿ ಇದನ್ನು ತೋರಿಸಿಕೊಟ್ಟರು. ಉಪವಾಸದಲ್ಲಿ ಕುಗ್ಗಿದ್ದ ಕರುಳು ಬೇಟೆ ಒಳಸೇರಿದ ಒಂದೆರಡು ದಿನಗಳಲ್ಲಿ ಬಹಳವಾಗಿ ಬೆಳೆಯುತ್ತದೆ. ದೇಹವು ಬಳಸುವ ಆಮ್ಲಜನಕ ಹಲವು ಪಟ್ಟು ಏರುತ್ತದೆ. ಒಲೆ ಹೊತ್ತಿಕೊಳ್ಳುವುದಕ್ಕೇ ಬಹಳ ಸೌದೆ ಬೇಕು. ಅನ್ನ ಬೇಯುವ ಮೊದಲೇ ಒಲೆ ಆರಿಹೋಗುವುದಾದರೆ ಹಚ್ಚದಿರುವುದೇ ಲೇಸು.

ಇದನ್ನು ಪ್ರಕೃತಿಯಲ್ಲಿಯೇ ಕಾಣಬೇಕಾದರೆ ಕೆನಡಾ ದೇಶದ ಮ್ಯಾನಿಟೋಬಾ ಪ್ರಾಂತ್ಯದ ನಾರ್ಸಿಸ್ ಎಂಬಲ್ಲಿಗೆ ಹೋಗಬೇಕು. ಅಲ್ಲಿ ಚಳಿಗಾಲದ ಉಷ್ಣತೆ ಕೆಲವೊಮ್ಮೆ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುವುದುಂಟು. ಸೆಪ್ಟೆಂಬರಿನಲ್ಲಿ ಗಾರ್ಟರ್ ಹಾವುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಸುಣ್ಣಕಲ್ಲಿನ ಬಿರುಕುಗಳತ್ತ ಹಿಂದಿರುಗಿ, ನೆಲ ಹೆಪ್ಪುಗಟ್ಟದ ಆಳಕ್ಕೆ ಇಳಿದು, ಏಪ್ರಿಲ್ ಕೊನೆಯವರೆಗೆ ಏನನ್ನೂ ತಿನ್ನದೆ ಕಳೆಯುತ್ತವೆ.

ಇನ್ನು ಪೆಟ್ಟಿಗೆಯ ಹಾವಿನ ಸಂಗತಿ. ಒಳಗೆ ಬಿಸಿಯನ್ನು ಕಾಪಾಡಿದರೂ ಕೆಲವು ಹಾವುಗಳು ಉಣ್ಣುವುದಿಲ್ಲ. ಪಶ್ಚಿಮ ಆಫ್ರಿಕದಿಂದ ಬಂದ ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವಿನ ಗಂಡುಗಳು ಬೆಚ್ಚನೆಯ ಗೂಡಿನಲ್ಲಿಯೂ ತಿಂಗಳುಗಟ್ಟಲೆ ಉಪವಾಸವಿರುವುದು ಸಾಕುವವರಿಗೆಲ್ಲ ಗೊತ್ತು. ಋತುವಿನ ಲಯವು ಹಾವಿನ ಮೈಯಲ್ಲಿಯೇ ಬೇರೂರಿದೆ. ಒಂದು ದೀಪದಿಂದ ಅದನ್ನು ಅಳಿಸಲಾಗದು.

ಇಲ್ಲಿಯೇ ಸಾಕುವವನು ಎಡವುವುದು. ಕನಿಕರದಿಂದ ಅವನು ಹಾವನ್ನು ಅರೆಬಿಸಿಯಲ್ಲಿ ಇರಿಸುತ್ತಾನೆ. ಈ ನಡುವಣ ಸ್ಥಿತಿಯೇ ಎಲ್ಲಕ್ಕಿಂತ ಕೆಟ್ಟದ್ದು: ಅರಗಿಸಿಕೊಳ್ಳುವಷ್ಟು ಬಿಸಿಯೂ ಇಲ್ಲ, ಕೊಬ್ಬನ್ನು ಉಳಿಸುವಷ್ಟು ತಂಪೂ ಇಲ್ಲ. ಅನುಭವಿಗಳು ಎರಡರಲ್ಲೊಂದು ದಾರಿಯನ್ನು ಹಿಡಿಯುತ್ತಾರೆ. ಒಂದು, ಪೂರ್ಣ ಬಿಸಿಯನ್ನು ಕೊಟ್ಟು ತಾಳ್ಮೆಯಿಂದ ಕಾಯುವುದು. ಇನ್ನೊಂದು, ಕಾರ್ನ್ ಸ್ನೇಕಿನಂತಹ ಚಳಿನಾಡಿನ ಆರೋಗ್ಯವಂತ ಹಾವಾದರೆ, ಸುಮಾರು ಎರಡು ವಾರ ಆಹಾರವನ್ನು ನಿಲ್ಲಿಸಿ, ಹೊಟ್ಟೆ ಬರಿದಾದ ಮೇಲೆ ನಿಧಾನವಾಗಿ ತಂಪಿಗೆ ಇಳಿಸುವುದು. ಕುಡಿಯುವ ನೀರು ಮಾತ್ರ ಎರಡರಲ್ಲಿಯೂ ಸದಾ ಇರಬೇಕು.

ಹಾಗಾದರೆ ಉಪವಾಸವನ್ನೂ ರೋಗವನ್ನೂ ಬೇರ್ಪಡಿಸುವುದು ಹೇಗೆ? ಪ್ರಯೋಗಶಾಲೆಯ ಹಳೆಯ ಸಲಕರಣೆಯಾದ ತಕ್ಕಡಿಯೇ ಇಲ್ಲಿ ಮೊದಲ ಸಾಕ್ಷಿ. ಹಾವನ್ನು ವಾರವಾರವೂ ತೂಗಿ ಬರೆದಿಡಬೇಕು. ದೊಡ್ಡ ಹಾವಿನ ತೂಕ ಹೆಚ್ಚುಕಡಮೆ ನಿಂತಲ್ಲೇ ನಿಂತಿದ್ದರೆ ಚಿಂತೆಗೆ ಎಡೆಯಿಲ್ಲ. ತೂಕ ಬೇಗ ಬೇಗ ಇಳಿದರೆ, ಬಾಯಲ್ಲಿ ಲೋಳೆ ಕಂಡರೆ, ಉಸಿರಿನಲ್ಲಿ ಸದ್ದು ಕೇಳಿದರೆ ಪಶುವೈದ್ಯರಿಗೆ ತೋರಿಸಬೇಕು. ಮರಿಗಳಲ್ಲಿ ಕೊಬ್ಬಿನ ಸಂಗ್ರಹ ಕಡಮೆಯಾದ್ದರಿಂದ ಅವುಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಹಿರಿಯರ ಮಾತು. ಕಾಲೇ ಇಲ್ಲದ ಈ ಪ್ರಾಣಿ ಅದನ್ನು ನಮಗಿಂತ ಚೆನ್ನಾಗಿ ಪಾಲಿಸುತ್ತದೆ. ದೊರೆಯುವ ಶಾಖವೆಷ್ಟೋ ಅದರ ಊಟವೂ ಅಷ್ಟೇ.