25ಕ್ಕೆ ಎಷ್ಟು?

2021ರ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರೂರುಗಳಲ್ಲಿ ಕೋವಿಡ್ ಬಂದವರ ಮನೆಯವರನ್ನು ಎಲ್ಲರೂ ಕೇಳುತ್ತಿದ್ದುದು ಒಂದೇ: ‘ಸಿ.ಟಿ. ಸ್ಕೋರ್ ಎಷ್ಟು?’ 8 ಎಂದರೆ ನಿರಾಳ, 18 ಎಂದರೆ ಆಮ್ಲಜನಕದ ಹಾಸಿಗೆಗೆ ಪರದಾಟ.

ಈ ಅಂಕ ಬರುವುದು ಎದೆಯ ಸಿ.ಟಿ. ಸ್ಕ್ಯಾನಿನಿಂದ. ಬಲ ಶ್ವಾಸಕೋಶದಲ್ಲಿ ಮೂರು ಹಾಲೆಗಳಿವೆ (ಲೋಬ್), ಎಡದಲ್ಲಿ ಎರಡು. ಸ್ಕ್ಯಾನಿನ ಚಿತ್ರಗಳಲ್ಲಿ ರೇಡಿಯಾಲಜಿಸ್ಟ್ ಒಂದೊಂದು ಹಾಲೆಯಲ್ಲೂ ಸೋಂಕು ಎಷ್ಟು ಜಾಗ ಹಿಡಿದಿದೆ ಎಂದು ಅಂದಾಜು ಮಾಡುತ್ತಾರೆ. ಶೇ 5ಕ್ಕಿಂತ ಕಡಿಮೆಯಿದ್ದರೆ 1 ಅಂಕ, ಶೇ 25ರವರೆಗೆ 2, ಅರ್ಧದವರೆಗೆ 3, ಮುಕ್ಕಾಲಿನವರೆಗೆ 4, ಅದನ್ನೂ ಮೀರಿದರೆ 5. ಐದು ಹಾಲೆಗಳನ್ನು ಕೂಡಿಸಿದರೆ ಗರಿಷ್ಠ 25.

ಆರೋಗ್ಯವಂತ ಶ್ವಾಸಕೋಶದ ತುಂಬ ಗಾಳಿಯಿರುವುದರಿಂದ ಅದು ಕಪ್ಪಗೆ ಕಾಣುತ್ತದೆ. ವೈರಸ್‌ನಿಂದ ಗಾಳಿಗೂಡುಗಳ ಗೋಡೆ ಊದಿಕೊಂಡು ಒಳಗೆ ದ್ರವ ಜಿನುಗತೊಡಗಿದಾಗ ಆ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ. ಬಚ್ಚಲುಮನೆ ಕಿಟಕಿಯ ಗಾಜಿನಂತೆ ಮಸುಕಾದರೂ ಹಿಂದಿನ ರಕ್ತನಾಳಗಳು ತೋರುತ್ತವೆ. ಗೂಡುಗಳು ಪೂರ್ತಿ ತುಂಬಿದರೆ ಆ ಜಾಗ ಬೆಳ್ಳಗಾಗಿ, ನಾಳಗಳೂ ಕಾಣದಾಗುತ್ತವೆ. 25ರ ಈ ಲೆಕ್ಕ ಮಾತ್ರ ಎಷ್ಟು ಜಾಗ ಎಂದಷ್ಟೇ ನೋಡುತ್ತದೆ, ಎಷ್ಟು ದಟ್ಟ ಎಂದು ನೋಡುವುದಿಲ್ಲ.

ಸ್ಕ್ಯಾನ್ ಕಾಯಿಲೆಯ ಎಷ್ಟನೇ ದಿನದ್ದು ಎಂಬ ಪ್ರಶ್ನೆ ಇನ್ನೂ ದೊಡ್ಡದು. ಕೋವಿಡ್‌ನಲ್ಲಿ ಈ ಮಸುಕು ಸಾಮಾನ್ಯವಾಗಿ ಹತ್ತನೇ ದಿನದ ಆಸುಪಾಸು ಗರಿಷ್ಠ ಮಟ್ಟ ಮುಟ್ಟುತ್ತದೆ. ಜ್ವರ ಬಂದ ಎರಡನೇ ದಿನದ ಸ್ಕ್ಯಾನ್ ಸ್ವಚ್ಛವಾಗಿದ್ದರೆ ಅದು ಭರವಸೆಯಲ್ಲ. ನಾಲ್ಕನೇ ದಿನದ 10 ಹನ್ನೆರಡನೇ ದಿನದ 10ಕ್ಕಿಂತ ಹೆಚ್ಚು ಆತಂಕದ್ದು. ಆಗ ಸ್ಕ್ಯಾನ್ ವರದಿಗಳಲ್ಲಿ ಕಂಡು ಅನೇಕರನ್ನು ಬೆಚ್ಚಿಬೀಳಿಸಿದ ‘ಕೋ-ರಾಡ್ಸ್ 5’ ತೀವ್ರತೆಯ ಅಳತೆಯೇ ಅಲ್ಲ. ನೆದರ್ಲೆಂಡ್ಸ್‌ನ ರೇಡಿಯಾಲಜಿಸ್ಟರು 2020ರಲ್ಲಿ ರೂಪಿಸಿದ ಆ ಶ್ರೇಣಿ ಹೇಳುವುದು, ಇದು ಕೋವಿಡ್ ಆಗಿರುವ ಅನುಮಾನ ಎಷ್ಟು ಬಲವಾಗಿದೆ ಎಂದು ಮಾತ್ರ.

ಭಾರತದ ಚಿಕಿತ್ಸಾ ಮಾರ್ಗಸೂಚಿ ರೋಗಿಗಳನ್ನು ವಿಂಗಡಿಸಿದ್ದು ಸಿ.ಟಿ. ಸ್ಕೋರ್‌ನಿಂದಲ್ಲ, ಉಸಿರಾಟದ ವೇಗ ಮತ್ತು ರಕ್ತದ ಆಮ್ಲಜನಕದ ಮೇಲೆ: ಆಮ್ಲಜನಕ ಶೇ 90ರಿಂದ 93 ಇದ್ದರೆ ಮಧ್ಯಮ, 90ಕ್ಕಿಂತ ಕೆಳಗಿದ್ದರೆ ತೀವ್ರ. ಬೆರಳಿಗೆ ಸಿಕ್ಕಿಸುವ ಪುಟ್ಟ ಆಕ್ಸಿಮೀಟರ್ ಈ ಆಮ್ಲಜನಕದ ಮಟ್ಟವನ್ನು ಎಷ್ಟು ಸಲ ಬೇಕಾದರೂ ಹೇಳುತ್ತದೆ. ಸಾಮಾನ್ಯ ಎದೆಯ ಸಿ.ಟಿ.ಯಾದರೋ ನಾವು ಪ್ರಕೃತಿಯಿಂದ ಎರಡು ಮೂರು ವರ್ಷಗಳಲ್ಲಿ ಪಡೆಯುವಷ್ಟು ವಿಕಿರಣವನ್ನು ಒಮ್ಮೆಗೇ ಕೊಡುತ್ತದೆ. ರೋಗಿ ಹಠಾತ್ತನೆ ಕುಸಿದಾಗ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಶಂಕೆಯಿದ್ದಾಗ ಆ ಬೆಲೆ ತೆರಬೇಕಾದದ್ದೇ, ಅಲ್ಲಿ ಸಿ.ಟಿ.ಗೆ ಸಾಟಿಯಿಲ್ಲ. ಆದರೆ ಆಮ್ಲಜನಕ 97 ಇದ್ದು, ಸಣ್ಣ ಜ್ವರಕ್ಕೆ ನೀವಾಗಿಯೇ ಸ್ಕ್ಯಾನ್ ಕೇಂದ್ರದ ಸಾಲಿನಲ್ಲಿ ನಿಲ್ಲಬೇಡಿ. ವೈದ್ಯರೇ ಬರೆದುಕೊಟ್ಟರೂ ಒಂದು ಮಾತು ಕೇಳಿ: ಇದರ ಫಲಿತಾಂಶದಿಂದ ನನ್ನ ಚಿಕಿತ್ಸೆ ಬದಲಾಗುತ್ತದೆಯೇ?