ಎದುರಾಳಿಯ ಕೈಯಿಂದಲೇ ನೆರವು

ಇಸ್ಪೀಟಿನಾಟವೆಂದೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮಲ್ಲಿ ಇಂದಿಗೂ ಇದ್ದಾರೆ. ಧರ್ಮರಾಯನ ದ್ಯೂತದ ನೆನಪು ನಮ್ಮನ್ನು ಸುಲಭವಾಗಿ ಬಿಡುವಂಥದಲ್ಲ. ಆದರೆ ಬ್ರಿಜ್ ಎಂಬ ಆಟದಲ್ಲಿ ಅದೃಷ್ಟದ ಪಾಲು ಕಡಿಮೆ. ಲೆಕ್ಕಾಚಾರದ ಪಾಲು, ಎದುರಾಳಿಯ ಮನಸ್ಸನ್ನು ಓದುವ ಪಾಲು ಬಹಳ ಹೆಚ್ಚು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇದಕ್ಕೆ ಮೊದಲ ಬಾರಿ ಸ್ಥಾನ ದೊರೆತಾಗ, ಪುರುಷರ ಜೋಡಿ ವಿಭಾಗದ ಚಿನ್ನವನ್ನು ತಂದವರು ನಮ್ಮ ದೇಶದ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್. ಈ ಆಟದ ಒಂದು ವಿಚಿತ್ರವಾದ ವರಸೆಯನ್ನು ಇಂದು ತಮ್ಮ ಮುಂದಿಡುತ್ತೇನೆ. ಎದುರಾಳಿಗೆ ಎಳ್ಳಷ್ಟೂ ಮನಸ್ಸಿಲ್ಲದಿದ್ದರೂ ಅವನು ನಮಗೆ ನೆರವಾಗಲೇಬೇಕಾದ ಇಕ್ಕಟ್ಟಿಗೆ ಅವನನ್ನು ತಂದು ನಿಲ್ಲಿಸುವ ವರಸೆ ಅದು.

ಮೊದಲು ಆಟದ ಕಟ್ಟಳೆ. ನಾಲ್ವರು ಆಡುವವರು, ಎದುರುಬದುರು ಕುಳಿತವರು ಜೋಡಿ. ಒಬ್ಬೊಬ್ಬರಿಗೆ ಹದಿಮೂರು ಎಲೆ. ಒಬ್ಬನು ಎಲೆಯನ್ನು ಇಳಿಸಿದರೆ ಉಳಿದವರು ಅದೇ ಬಣ್ಣದ ಎಲೆಯನ್ನು ಇಳಿಸಬೇಕು. ಆ ಬಣ್ಣ ಕೈಯಲ್ಲಿಲ್ಲದಿದ್ದರೆ ಮಾತ್ರ ತುರುಪು ಹೊಡೆಯಬಹುದು, ಇಲ್ಲವೆ ಬೇಡದ ಎಲೆಯೊಂದನ್ನು ಎಸೆಯಬಹುದು. ಹೀಗೆ ಬೀಳುವ ನಾಲ್ಕು ಎಲೆಗಳ ಸುತ್ತನ್ನು ಪಟ್ಟು ಎಂದು ಕರೆಯೋಣ. ಪಟ್ಟನ್ನು ಗೆದ್ದವನೇ ಮುಂದಿನ ಎಲೆಯನ್ನು ಇಳಿಸಬೇಕು. ಇಳಿಸಬಹುದು ಎಂದಲ್ಲ, ಇಳಿಸಲೇಬೇಕು. ‘ಈ ಸಲ ನನಗೆ ಬೇಡ’ ಎನ್ನುವಂತಿಲ್ಲ. ನಮ್ಮ ವರಸೆಯೆಲ್ಲ ಹುಟ್ಟುವುದು ಈ ‘ಲೇಬೇಕು’ ಎಂಬುದರಿಂದ. ಗೆಲ್ಲುವುದು ಸಾಮಾನ್ಯವಾಗಿ ಸುಖ; ಆದರೆ ಗೆದ್ದ ಮರುಗಳಿಗೆಯಲ್ಲಿ ಏನನ್ನು ಇಳಿಸಿದರೂ ನಷ್ಟವೇ ಎಂದಾದರೆ ಆ ಗೆಲುವು ಕೊರಳಿಗೆ ಬಿದ್ದ ಗುಂಡುಕಲ್ಲು.

ಆಟಕ್ಕೆ ಮೊದಲು ಹರಾಜು ನಡೆಯುತ್ತದೆ. ಎಷ್ಟು ಪಟ್ಟು ಗೆಲ್ಲುತ್ತೇವೆಂದು ಹೆಚ್ಚು ಕೂಗಿದವರಿಗೆ ಆಟ. ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ 1925ರಲ್ಲಿ ರೂಪಿಸಿದ ಲೆಕ್ಕದ ಕ್ರಮವು ಕೂಗಿದ ಮಾತಿಗೆ ಭಾರಿ ಬೆಲೆ ಕಟ್ಟಿತು. ಇಸ್ಪೀಟನ್ನೇ ತುರುಪಾಗಿ ಹಿಡಿದು ಹನ್ನೆರಡು ಪಟ್ಟು ಕೂಗಿದ ಜೋಡಿ ಅಷ್ಟನ್ನು ಗೆದ್ದರೆ ಸ್ಪರ್ಧೆಯ ಲೆಕ್ಕದಲ್ಲಿ ಕನಿಷ್ಠ 980 ಅಂಕ ಸಿಗುತ್ತದೆ. ಹನ್ನೊಂದಕ್ಕೆ ನಿಂತರೆ ಅವರಿಗೆ ಸೊನ್ನೆ. ಮೇಲಾಗಿ ಎದುರಾಳಿಗೆ ದಂಡ. ಅದೇ ಎಲೆಗಳನ್ನು ಬೇರೆ ಮೇಜುಗಳಲ್ಲಿಯೂ ಆಡಿಸುವುದರಿಂದ ‘ನನಗೆ ಎಲೆ ಬರಲಿಲ್ಲ’ ಎಂಬ ನೆಪಕ್ಕೂ ಅಲ್ಲಿ ಎಡೆಯಿಲ್ಲ.

ಬಾನುಲಿಯಲ್ಲಿ ಚಿತ್ರ ಬರೆದು ತೋರಿಸುವಂತಿಲ್ಲ. ತಾವು ದಯಮಾಡಿ ಮನಸ್ಸಿನಲ್ಲಿಯೇ ಎಲೆಗಳನ್ನು ಹರಡಿಕೊಳ್ಳಬೇಕು. ಹನ್ನೆರಡು ಪಟ್ಟು ಕೂಗಿದವನು ದಕ್ಷಿಣದವನು. ಅವನಲ್ಲಿ ತುರುಪು ಏಳು, ಎಕ್ಕದಿಂದ ಹತ್ತರವರೆಗೆ ಐದೂ ದೊಡ್ಡವು. ಆಟೀನಿನಲ್ಲಿ ಎಕ್ಕ ಮತ್ತು ರಾಣಿ, ಡೈಮಂಡಿನಲ್ಲಿ ಎಕ್ಕ ಮತ್ತು ರಾಜ, ಕಳಾವರದಲ್ಲಿ ಎಕ್ಕ ಮತ್ತು ಹತ್ತು. ಎದುರಿಗೆ ಉತ್ತರದಲ್ಲಿ ಅವನ ಜೊತೆಗಾರನ ಎಲೆಗಳು ಮೇಜಿನ ಮೇಲೆ ತೆರೆದಿವೆ. ಅದಕ್ಕೆ ಡಮ್ಮಿ ಎಂದು ಹೆಸರು. ಅಲ್ಲಿ ತುರುಪು ನಾಲ್ಕು, ಸಣ್ಣ ಆಟೀನು ಐದು, ಡೈಮಂಡು ಎರಡು, ಕಳಾವರ ಎರಡು. ಪಶ್ಚಿಮದವನು ಕಳಾವರದ ರಾಜನನ್ನು ಇಳಿಸಿದ್ದಾನೆ. ಆ ಬಣ್ಣದ ರಾಣಿ, ಗುಲಾಮರೂ ಅವನಲ್ಲಿಯೇ ಇದ್ದಾರೆನ್ನೋಣ.

ಎಣಿಸಿ ನೋಡಿ. ತುರುಪು ಏಳು, ಡೈಮಂಡು ಎರಡು, ಕಳಾವರ ಒಂದು, ಆಟೀನು ಒಂದು: ಹನ್ನೊಂದು. ಹನ್ನೆರಡನೆಯದು ಆಟೀನಿನ ರಾಣಿಯಿಂದಲೇ ಬರಬೇಕು. ಹೊಸಬನು ಡಮ್ಮಿಯಿಂದ ಆಟೀನು ಇಳಿಸಿ, ಪೂರ್ವದವನು ಸಣ್ಣದು ಹಾಕಿದಾಗ ರಾಣಿಯನ್ನು ಹಾಕಿ ದೇವರನ್ನು ನೆನೆಯುತ್ತಾನೆ. ರಾಜ ಪೂರ್ವದಲ್ಲಿದ್ದರೆ ಬದುಕಿದ, ಪಶ್ಚಿಮದಲ್ಲಿದ್ದರೆ ಸತ್ತ. ಹೆಚ್ಚೂಕಡಿಮೆ ಅರ್ಧಕ್ಕರ್ಧ.

ಬಲ್ಲವನು ಹಾಗೆ ಮಾಡುವುದಿಲ್ಲ. ಕಳಾವರದ ಎಕ್ಕದಿಂದ ಮೊದಲ ಪಟ್ಟನ್ನು ಹಿಡಿಯುತ್ತಾನೆ. ಎದುರಾಳಿಗಳಲ್ಲಿರುವ ಎರಡೇ ಎರಡು ತುರುಪುಗಳನ್ನು ಬಳಿದು ತೆಗೆಯುತ್ತಾನೆ. ಡೈಮಂಡಿನ ಎಕ್ಕ, ರಾಜ ಎರಡನ್ನೂ ಆಡಿಬಿಡುತ್ತಾನೆ. ನೋಡುವವರಿಗೆ ಇದು ಅವಸರದ ಖರ್ಚಿನಂತೆ ಕಾಣುತ್ತದೆ; ನಿಜವಾಗಿ ಅವನು ಎದುರಾಳಿಗೆ ತಪ್ಪಿಸಿಕೊಳ್ಳಲಿರುವ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದಾನೆ. ಈಗ ತನ್ನ ಕೈಯಲ್ಲಿಯೂ ಡಮ್ಮಿಯಲ್ಲಿಯೂ ಡೈಮಂಡು ಇಲ್ಲ, ತುರುಪು ಮಾತ್ರ ಎರಡು ಕಡೆಯೂ ಇದೆ. ಆಗ ಕಳಾವರದ ಹತ್ತನ್ನು ನಿರಾಳವಾಗಿ ಇಳಿಸುತ್ತಾನೆ.

ಪಶ್ಚಿಮದವನು ಅದನ್ನು ಹಿಡಿಯದಿದ್ದರೆ ಹತ್ತೇ ಗೆದ್ದು ಆಟ ಮುಗಿಯಿತು. ಹಿಡಿದನೋ, ಮುಂದಿನ ಎಲೆ ಅವನದು. ಆಟೀನನ್ನು ಇಳಿಸಿದರೆ ದಕ್ಷಿಣದವನು ಕೊನೆಯಲ್ಲಿ ಎಲೆ ಹಾಕುವವನಾದ್ದರಿಂದ ರಾಜ ಎಲ್ಲಿದ್ದರೂ ಅವನ ಎಕ್ಕ, ರಾಣಿ ಎರಡೂ ಗೆಲ್ಲುತ್ತವೆ. ಡೈಮಂಡನ್ನೋ ಕಳಾವರವನ್ನೋ ಇಳಿಸಿದರೆ? ಡಮ್ಮಿಯಲ್ಲಿ ತುರುಪು ಹೊಡೆದು, ಅದೇ ಸುತ್ತಿನಲ್ಲಿ ಇತ್ತ ಆಟೀನಿನ ರಾಣಿಯನ್ನು ಕಸದಂತೆ ಎಸೆದುಬಿಡುತ್ತಾನೆ. ಸೋಲಬಹುದಾಗಿದ್ದ ಎಲೆಯೇ ಕೈಯಲ್ಲಿಲ್ಲವೆಂದ ಮೇಲೆ ಸೋಲು ಎಲ್ಲಿಂದ ಬರಬೇಕು? ಮೂರು ದಾರಿ, ಮೂರೂ ಒಂದೇ ಊರಿಗೆ. ಅರ್ಧಕ್ಕರ್ಧವಿದ್ದುದು ಪೂರ್ತಿ ಖಚಿತವಾಯಿತು, ಖಚಿತಪಡಿಸಿದವನು ಎದುರಾಳಿ. ಇಂಗ್ಲಿಷಿನವರು ಇದನ್ನು ಎಂಡ್‌ಪ್ಲೇ ಎನ್ನುತ್ತಾರೆ. ಚದುರಂಗ ಬಲ್ಲವರಿಗೆ, ಯಾವ ಕಾಯನ್ನು ನಡೆಸಿದರೂ ಕೆಡುವ ‘ಸುಗ್‌ಸ್ವಾಂಗ್’ ಸ್ಥಿತಿ ನೆನಪಾಗದಿರದು.

ಎದುರಾಳಿಯೇನು ಸುಮ್ಮನೆ ಕುಳಿತಿರುವವನೇ? ನನಗೆ ಹೆಚ್ಚು ರುಚಿಸುವುದು ಈ ಭಾಗ. ಕಳಾವರದ ಗುಲಾಮ ಪೂರ್ವದವನಲ್ಲಿ ಇದೆಯೆನ್ನಿ. ದಕ್ಷಿಣದವನು ಹತ್ತನ್ನು ಇಳಿಸಿದಾಗ ಪಶ್ಚಿಮದವನು ರಾಣಿಯನ್ನು ಹಾಕುವ ಆಸೆಯನ್ನು ಅದುಮಿಕೊಂಡು, ಸಣ್ಣ ಎಲೆಯೊಂದನ್ನು ಬಿಡಬೇಕು. ಆಗ ಗುಲಾಮನಿಂದ ಗೆಲ್ಲುವವನು ಪೂರ್ವದವನು. ಅವನು ಆಟೀನು ಇಳಿಸಿದರೆ ದಕ್ಷಿಣದವನಿಗೆ ಮತ್ತೆ ಹಳೆಯ ಅರ್ಧಕ್ಕರ್ಧದ ಪಾಡೇ ಗತಿ. ಹೀಗೆ, ಗೆಲ್ಲಬಲ್ಲ ದೊಡ್ಡ ಎಲೆಯನ್ನು ಸಕಾಲದಲ್ಲಿ ಬಳಸದಿರುವುದು ಅಥವಾ ಮೊದಲೇ ಎಸೆದು ಕೈತೊಳೆದುಕೊಳ್ಳುವುದು, ಇವು ರಕ್ಷಣೆಯ ಉಪಾಯಗಳು. ಕಷ್ಟವಿರುವುದು ಕಾಲದಲ್ಲಿ: ಡೈಮಂಡುಗಳು ಖಾಲಿಯಾಗುತ್ತಿರುವಾಗಲೇ ಅಪಾಯವನ್ನು ಮೂಸಿ ನೋಡಬೇಕು. ಹತ್ತು ಮೇಜಿಗೆ ಬಿದ್ದ ಮೇಲೆ ಯೋಚಿಸತೊಡಗಿದರೆ ಆ ಯೋಚನೆಯೇ ಗುಟ್ಟನ್ನು ಬಿಟ್ಟುಕೊಡುತ್ತದೆ.

ಇನ್ನೊಂದು ಉಪಾಯಕ್ಕೆ ಮೊಸಳೆಯ ಹೆಸರಿದೆ. ಜೊತೆಗಾರನಲ್ಲಿ ಒಂಟಿಯಾಗಿ ಉಳಿದ ದೊಡ್ಡ ಎಲೆ ಪಟ್ಟನ್ನು ಗೆದ್ದು ಅವನನ್ನು ಬಲೆಗೆ ಕೆಡಹಲಿದೆ ಎಂದು ಕಂಡಾಗ, ಅವನಿಗಿಂತ ಮೊದಲು ಆಡುವವನು ಅದಕ್ಕೂ ದೊಡ್ಡದನ್ನು ಹಾಕಿ, ಬಾಯಿ ತೆರೆದ ಮೊಸಳೆಯಂತೆ ಜೊತೆಗಾರನ ಎಲೆಯನ್ನು ನುಂಗಿಬಿಡುತ್ತಾನೆ. ಒಂದೇ ಪಟ್ಟಿಗೆ ಎರಡು ದೊಡ್ಡ ಎಲೆ ಸುರಿಯುವುದು ಹೊರನೋಟಕ್ಕೆ ಶುದ್ಧ ದಡ್ಡತನ.

ಇಷ್ಟೆಲ್ಲ ನಡೆಯುವುದು ಮೌನದಲ್ಲಿ. ಜೊತೆಗಾರನಿಗೆ ಕಣ್ಸನ್ನೆ ಕೂಡದು. ಬೇಕೆಂದು ತಡಮಾಡಿ ಸೂಚನೆ ಕೊಡುವುದೂ ನಿಯಮಕ್ಕೆ ವಿರುದ್ಧ. ಬಲೆಗೆ ಬಿದ್ದವನು ಬಣ್ಣವಿದ್ದೂ ಇಲ್ಲವೆಂದು ಬೇರೆ ಎಲೆ ಹಾಕಿ ಪಾರಾಗುವಂತೆಯೂ ಇಲ್ಲ. ಅದು ಬೇಕೆಂದೇ ಮಾಡಿದ್ದಾದರೆ ವಂಚನೆ. ಕೈತಪ್ಪಿ ಮಾಡಿದ್ದಾದರೂ ಸಾಮಾನ್ಯವಾಗಿ ಒಂದೋ ಎರಡೋ ಪಟ್ಟನ್ನು ದಂಡವಾಗಿ ತೆರಬೇಕಾಗುತ್ತದೆ.